ನೀರಲ್ಲಿ ಆಡಿದ ಕಾಲು

ಮಿರಿಸ್ಸ, ಶ್ರೀಲಂಕಾ
8 ಫೆಬ್ರವರಿ 2025, ಶನಿವಾರ

ಆಂಜನಮ್ಮ,

ಬಂದ್ಬಿಟ್ವಿ ಕಣೇ! ವಿಮಾನ ಹತ್ತಿದ್ದೂ ಆಯ್ತು, ಇಳಿದಿದ್ದೂ ಆಯ್ತು. ಈಗ ಸಮುದ್ರದ ಎದುರಿಗೇ ಕೂತ್ಕಂಡು ಬರೀತಾ ಇದೀನಿ. ನೀನು ಕಟ್ಟಿಕೊಟ್ಟ ಚಕ್ಕುಲಿ ಡಬ್ಬಿನ ಏರ್‌ಪೋರ್ಟಲ್ಲಿ ಪೊಲೀಸ್ನೋರು ಬಿಚ್ಚಿಸಿ ನೋಡಿದ್ರು. ಒಂದು ತಗಳ್ಳಿ ಸಾರ್ ಅಂದೆ. ನಗಲೂ ಇಲ್ಲ.

ಮೊದಲು ಮೊಮ್ಮಗಳ ಸಮಾಚಾರ. ದಿವ್ಯಂಗೆ ಕಿಟಕಿ ಪಕ್ಕದ ಸೀಟು. ವಿಮಾನ ನೆಲ ಬಿಟ್ಟಾಗ ನಾನು ಕಣ್ಣು ಮುಚ್ಕಂಡು ಮನೆದೇವ್ರನ್ನ ನೆನೀತಿದ್ರೆ ಅವ್ಳು ನನ್ನ ಕೈ ಹಿಸುಕಿ, "ತಾತಾ, ಕಣ್ಣು ಬಿಡು, ಕೆರೆ ನೋಡು" ಅಂತಾಳೆ. ಯಾವುದೋ ಕೆರೆ ಕಾಣ್ತು. ನಮ್ಮ ಹೊರಮಾವು ಕೆರೆನೇ ಅಂತ ಇಬ್ರೂ ತೀರ್ಮಾನ ಮಾಡ್ಕಂಡ್ವಿ.

ಈ ಹಾರುಹಕ್ಕಿ ಬಳಗದೋರು ಕಾಯಿಲೆ ಮಕ್ಕಳನ್ನ ಪರದೇಶಕ್ಕೆ ಕರ್ಕಂಡು ಹೋಗ್ತಾರಂತೆ ಅಂದಾಗ ನಾನು ಹೆಂಗೆ ಹಾರಾಡಿದ್ದೆ! ಮುನಿನಾರಾಯಣಪ್ಪನ ಮೊಮ್ಮಗಳು ಧರ್ಮದ ದುಡ್ಡಲ್ಲಿ ಟೂರ್ ಹೋಗ್ಬೇಕಾ ಅಂತ. ಇಲ್ಲಿ ನೋಡಿದ್ರೆ ಒಂದು ಮಗೀನ ಅಪ್ಪ ಶಿವಾಜಿನಗರದಲ್ಲಿ ಆಟೋ ಓಡ್ಸೋನು, ಇನ್ನೊಂದರ ತಾಯಿ ಇಂದಿರಾನಗರದಲ್ಲಿ ದೊಡ್ಡ ಲಾಯರು. ಆಸ್ಪತ್ರೆಯೋರು ಹೆಸರು ಕೊಟ್ಟ ಮಕ್ಕಳೆಲ್ಲ ಒಂದೇ ಬಸ್ಸಲ್ಲಿ. ಬಸ್ಸಿಗೆ ಲಿಫ್ಟ್ ಐತೆ! ವ್ಹೀಲ್‌ಚೇರ್ ಸಮೇತ ಮಗೀನ ಮೇಲೆತ್ತಿ ಒಳಗೆ ಬಿಡ್ತೈತೆ. ಯಾರೂ ನೋಡ್ದೇ ಇದ್ದಾಗ ನಾನೂ ಒಂದ್ಸಲ ನಿಂತ್ಕಂಡು ಹೋದೆ.

ನಮ್ಮ ಸೊಸೆ ಭವ್ಯಂಗೆ ಜ್ವರ ಬರದೆ ಇದ್ದಿದ್ರೆ ಅವ್ಳೇ ಮಗಳ ಜೊತೆ ಬರ್ತಿದ್ಲು, ಪಾಪ. ನಮ್ಮ ಮಗ ಸೀನಂಗೆ ಪಾಸ್‌ಪೋರ್ಟ್ ಇಲ್ಲ. ಮನೇಲಿ ಇದ್ದಿದ್ದು ನಂದೊಂದೇ. ನನ್ನ ದೋಸ್ತ್ ಕೆಂಪರಾಜ್ ಜೊತೆ ಬ್ಯಾಂಕಾಕಿಗೆ ಹೋಗೋಣ ಅಂತ ಮಾಡಿಸಿದ್ದು, ನೀನು ಅಡ್ಡ ಬಿದ್ದು ನಿಲ್ಲಿಸಿದ್ಯಲ್ಲ, ಅದು. ನೋಡು, ಉಪಯೋಗಕ್ಕೆ ಬಂತು.

ಫೋನಲ್ಲಿ ಮಾತಾಡಿದ್ರೆ ನಿಂಗೆ ಕೇಳ್ಸಲ್ಲ. ಮನೇಲಿ ಚೀಟಿ ಬರೆದು ತೋರಿಸ್ತೀನಲ್ಲ, ಹಂಗೇ ಇಲ್ಲಿಂದಾನೂ ಬರೀತೀನಿ. ಬಳಗದ ಜೊತೆ ಬಂದಿರೋ ಮಾರಿಯಾ ಅಂತ, ನಿಮ್ಮ ಹಲಸೂರಿನ ಹುಡುಗಿ, ಫೋಟೋ ಹೊಡೆದು ನಿನ್ನ ಫೋನಿಗೆ ಕಳಿಸ್ತಾಳೆ. ನೀನೂ ಹಂಗೇ ಮಾಡು.

ಇವಳಿಗೆ ಜಡೆ ಹಾಕೋದು ಹೆಂಗೆ? ಕೂದಲು ಕೈಗೇ ನಿಲ್ಲಲ್ಲ.

ಮುನಿನಾರಾಯಣಪ್ಪ


ಹೊರಮಾವು
9 ಫೆಬ್ರವರಿ 2025, ಭಾನುವಾರ

ಏನೂಂದ್ರೆ,

ನಿಮ್ಮ ಕಾಗದ ಓದಿ ನಕ್ಕೂ ನಕ್ಕೂ ಸಾಕಾಯ್ತು. ಬಸ್ಸಿನ ಲಿಫ್ಟಲ್ಲಿ ನಿಂತಿರೋ ನಿಮ್ಮನ್ನ ಕಣ್ಣಾರೆ ನೋಡಿದ ಹಾಗಾಯ್ತು.

ಫೋನಲ್ಲಿ ಮಾತು ತುಂಬಿಸಿ ಕಳಿಸಮ್ಮ ಅಂತ ಸೀನ ಅಂದ. ನನ್ನ ಧ್ವನಿ ನನಗೇ ಕೇಳ್ಸಲ್ಲ, ಕಿರುಚ್ತೀನಿ, ಬೀದಿಗೆಲ್ಲ ಗೊತ್ತಾಗುತ್ತೆ. ಬರೆಯೋದೇ ವಾಸಿ.

ಜಡೆಗೆ ಮೊದಲು ಸ್ವಲ್ಪ ಎಣ್ಣೆ ಹಚ್ಚಿ. ನಡುವೆ ಬೈತಲೆ ತೆಗೀರಿ. ಒಂದೊಂದು ಪಾಲನ್ನ ಮೂರು ಎಳೆ ಮಾಡಿ ಹೆಣೀರಿ. ದ್ರಾಕ್ಷಿ ಬಳ್ಳಿನ ಚಪ್ಪರಕ್ಕೆ ಕಟ್ಟಿದ ಕೈ ಅಲ್ವಾ ನಿಮ್ಮದು, ಬರುತ್ತೆ. ಎಳೆದು ಬಿಗಿ ಮಾಡ್ಬೇಡಿ, ಅವಳಿಗೆ ತಲೆ ನೋಯುತ್ತೆ.

ಎತ್ತೋವಾಗ ಒಂದು ಕೈ ಮೊಣಕಾಲ ಕೆಳಗೆ, ಇನ್ನೊಂದು ಬೆನ್ನಿಗೆ. ನಿಮ್ಮ ಸೊಂಟ ಬಗ್ಗಿಸ್ಬೇಡಿ, ಮಂಡಿ ಬಗ್ಗಿಸಿ. ಒಂದು, ಎರಡು, ಮೂರು ಅಂತ ಅವಳ ಜೊತೆ ಹೇಳಿ ಎತ್ತಿ. ಮಲಗಿದಾಗ ಅವಳಿಗೆ ತಾನಾಗಿ ಮಗ್ಗುಲು ಬದಲಾಯಿಸೋಕೆ ಆಗಲ್ಲ, ನಿಮ್ಮನ್ನ ಎಬ್ಬಿಸೋಕೆ ಸಂಕೋಚ ಪಡ್ತಾಳೆ, ನೀವೇ ಎದ್ದು ನೋಡಿ. ಊಟ ನಿಧಾನ. ಅವಸರ ಮಾಡಿದ್ರೆ ಗಂಟಲಿಗೆ ಸಿಕ್ಕಿಕೊಳ್ಳುತ್ತೆ.

ಅವಳಿಗೀಗ ಹನ್ನೊಂದು ವರ್ಷ, ಕಾಲು ನಿಂತಾಗಿನಿಂದ ಇದೆಲ್ಲ ನಮ್ಮನೇಲೇ ನಡೀತಿರೋದು ಕಣ್ರೀ. ನೀವು ಆ ಹೊತ್ತಿಗೆ ಟೀ ಅಂಗಡಿ ಹತ್ರ ಇರ್ತಿದ್ರಿ, ಅಷ್ಟೆ.

ಭವ್ಯ ಆರಾಮಾಗಿದಾಳೆ. ಟೈಫಾಯ್ಡ್ ಅಂದ್ರೆ ಸುಸ್ತು ಜಾಸ್ತಿಯಂತೆ. ಗಂಜಿ ಕುಡಿದು ಮಲಗಿದಾಳೆ. ಅದಕ್ಕೇ ಫೋನ್ ಮಾಡಲ್ಲ ಅಂತ ಮಗುಗೆ ಹೇಳಿ.

ಆಂಜನಮ್ಮ


ಮಿರಿಸ್ಸ
10 ಫೆಬ್ರವರಿ 2025, ಸೋಮವಾರ

ಆಂಜನಮ್ಮ,

ಜಡೆ ಹಾಕಿದೆ! ಒಂದು ಮೇಲೆ ಒಂದು ಕೆಳಗೆ ಆಗೈತೆ. ದಿವ್ಯ ಕನ್ನಡೀಲಿ ಎರಡೂ ಕಡೆ ನೋಡ್ಕಂಡ್ಲು, ಮಾರಿಯಾ ಆ ಕಡೆ ತಿರುಗಿ ನಕ್ಕಳು.

ಇಲ್ಲಿ ಮರಳಲ್ಲಿ ಓಡ್ಸೋ ವ್ಹೀಲ್‌ಚೇರ್ ಐತೆ ಕಣೇ. ಟ್ರ್ಯಾಕ್ಟರ್ ಟ್ಯೂಬಿನ ಹಂಗೆ ದಪ್ಪ ದಪ್ಪ ಚಕ್ರ, ಮರಳಲ್ಲಿ ಹೂತುಕೊಳ್ಳಲ್ಲ. ಅದರಲ್ಲಿ ಕೂರ್ಸಿ ಅಲೆ ಹತ್ರಕ್ಕೆ ತಳ್ಕಂಡು ಹೋದೆ. ಇನ್ನೂ ಮುಂದೆ, ತಾತಾ, ಇನ್ನೂ ಮುಂದೆ ಅಂತಾಳೆ. ನೀರು ಅವಳ ಪಾದಕ್ಕೆ ಬಂದು ಬಡೀತು ನೋಡು, ಕಿರುಚಿದ ಕಿರುಚಾಟಕ್ಕೆ ಪಕ್ಕದಲ್ಲಿದ್ದ ವಿದೇಶದೋರೆಲ್ಲ ಎದ್ದು ನಿಂತ್ರು. ನನ್ನ ಪಂಚೆ ಸೊಂಟದವರೆಗೂ ಒದ್ದೆ. ಒಣಗಿಸೋಕೆ ಹಾಕಿದ್ರೆ ಗಾಳಿ ಹಾರಿಸ್ಕಂಡು ಹೋಯ್ತು, ಹಿಂದೇನೇ ಓಡಿದೆ. ಅದನ್ನೂ ಯಾರೋ ವಿಡಿಯೋ ಮಾಡವ್ರೆ.

ಊಟ ಪರವಾಗಿಲ್ಲ. ಎಲ್ಲದಕ್ಕೂ ತೆಂಗಿನಹಾಲು. ಮೀನಂತೂ ಬಲು ರುಚಿ. ಮುದ್ದೆ ಒಂದಿಲ್ಲ ಅಷ್ಟೆ.

ನಾಳೆ ಈಜುಕೊಳಕ್ಕೆ ಇಳಿಸ್ತಾರಂತೆ. ಶುಕ್ರವಾರ ಬೋಟಲ್ಲಿ ತಿಮಿಂಗಿಲ ತೋರ್ಸೋಕೆ ಕರ್ಕಂಡು ಹೋಗ್ತಾರೆ. ನಾವಿಬ್ರೂ ಗಟ್ಟಿಯಾಗಿದೀವಿ. ಯಾವ ತೊಂದರೆನೂ ಇಲ್ಲ. ನೀನು ಯೋಚನೆ ಮಾಡ್ಬೇಡ.

ಮುನಿನಾರಾಯಣಪ್ಪ

ಅಜ್ಜಿ, ನಾನು ದಿವ್ಯ. ತಾತ ಸುಳ್ಳು ಹೇಳ್ತಿದಾರೆ. ಬೆಳಗ್ಗೆ ಬಾತ್‌ರೂಮಲ್ಲಿ ನನ್ನ ಎತ್ತೋವಾಗ ಒಂದು, ಎರಡು ಅಂದು, ಮೂರು ಅನ್ನೋಕೆ ಮುಂಚೆನೇ ಎತ್ತಿಬಿಟ್ರು. ಇಬ್ರೂ ಧಡಾರಂತ ಬಿದ್ವಿ. ನಾನು ತಾತನ ಹೊಟ್ಟೆ ಮೇಲೆ ಬಿದ್ದಿದ್ದು, ಸೋ ನಂಗೇನೂ ಆಗಿಲ್ಲ. ಸೂಪರ್ ಕುಶನ್! ತಾತನ ಮೊಣಕೈ ಊದಿದೆ, ಬಳಗದ ಜೊತೆ ಬಂದಿರೋ ಡಾಕ್ಟರ್ ಅಲಿಯಾ ಪಟ್ಟಿ ಕಟ್ಟಿದಾರೆ. ಬಿದ್ದಲ್ಲೇ ಮಲಗಿ ಇಬ್ರೂ ತುಂಬಾ ಹೊತ್ತು ನಕ್ವಿ. ಅಮ್ಮಂಗೆ ಹೇಳ್ಬೇಡ.


ಮಿರಿಸ್ಸ
11 ಫೆಬ್ರವರಿ 2025, ಮಂಗಳವಾರ

ಆಂಜನಮ್ಮ! ಕಾಲು ಆಡ್ತು ಕಣೇ! ಕಾಲು ಆಡ್ತು!

ನಿಂತ್ಕಂಡೇ ಬರೀತಾ ಇದೀನಿ, ಅಕ್ಷರ ಓರೆ ಹೋದ್ರೆ ಸರಿ ಮಾಡ್ಕಂಡು ಓದ್ಕೋ.

ಇಲ್ಲಿ ಈಜುಕೊಳಕ್ಕೆ ಮೆಟ್ಟಿಲಿಲ್ಲ, ಇಳಿಜಾರು ಮಾಡವ್ರೆ. ಮಾರಿಯಾ ನಮ್ಮ ದಿವ್ಯಂಗೆ ತೇಲೋ ಜಾಕೆಟ್ ಹಾಕಿ, ಕತ್ತಿಗೊಂದು ಗಾಳಿ ದಿಂಬು ಕಟ್ಟಿ, ಮೆಲ್ಲಗೆ ನೀರಿಗೆ ಇಳಿಸಿದ್ಲು. ನಾನು ಅಂಚಲ್ಲಿ ಕೂತು ನೋಡ್ತಿದ್ದೆ. ಮಗು ತೇಲ್ತಾ ಇತ್ತು, ಹೂವಿನ ಹಂಗೆ. ಆಮೇಲೆ ನೋಡ್ತೀನಿ, ಬಲಗಾಲು ಮುಂದೆ ಬಂತು. ನೀರು ತಳ್ಳಿರಬೇಕು ಅಂದ್ಕಂಡೆ. ಹಿಂದೆ ಹೋಯ್ತು. ಮತ್ತೆ ಮುಂದೆ ಬಂತು. ಎಡಗಾಲೂ ಬಂತು! ಐದನೇ ವಯಸ್ಸಲ್ಲಿ ನಿಂತುಹೋದ ಕಾಲು ಕಣೇ, ಕಪ್ಪೆ ಮರಿ ಹಂಗೆ ಒದೀತಾ ಐತೆ!

"ತಾತಾ, ನೋಡು, ಯಾರೂ ಹಿಡ್ಕೊಂಡಿಲ್ಲ, ನಾನೇ ಮಾಡ್ತಿರೋದು!"

ನಾನು ಪಂಚೆ ಸಮೇತ ಹಾರಿಬಿಟ್ಟೆ. ಜೇಬಲ್ಲಿದ್ದ ಕನ್ನಡಕ ನೀರುಪಾಲಾಯ್ತು, ಆಮೇಲೆ ಯಾರೋ ಮುಳುಗಿ ತಂದುಕೊಟ್ರು. ಅವಳ ಮುಂದೆ ಮುಂದೆ ನಾನು ಹಿಂದಕ್ಕೆ ನಡೀತಾ ಹೋದೆ, ಅವ್ಳು ನನ್ನ ಹಿಡಿಯೋಕೆ ಒದ್ಕಂಡು ಒದ್ಕಂಡು ಬಂದ್ಲು.

ಬೆಂಗಳೂರಿನ ಡಾಕ್ಟ್ರುಗಳೆಲ್ಲ ಸ್ನಾಯು ಸೊರಗೋ ಕಾಯಿಲೆ, ದಿನ ಕಳೆದಂಗೆ ಜಾಸ್ತಿನೇ ಆಗೋದು ಅಂದಿದ್ರಲ್ಲ? ಬಂದು ನೋಡ್ಲಿ! ಈ ಸಮುದ್ರದ ಗಾಳಿಯೋ, ಉಪ್ಪೋ, ದೇವ್ರೋ, ನಂಗೊತ್ತಿಲ್ಲ. ಮಗು ವಾಸಿ ಆಗ್ತಾ ಐತೆ. ಅಲಿಯಾ ಡಾಕ್ಟ್ರು ಏನೋ ಹೇಳೋಕೆ ಬಂದ್ರು, ಮಾತಾಡೋಕೇ ಬಿಡ್ಲಿಲ್ಲ, ಬಾಯಿಗೆ ಚಕ್ಕುಲಿ ಇಟ್ಟೆ.

ಸೀನಂಗೆ, ಭವ್ಯಂಗೆ ಈಗಲೇ ಹೇಳು. ಬಾಡಿಗೆಯೋರ ಮನೆಗೆಲ್ಲ ಸ್ವೀಟು ಹಂಚು. ಮುನೇಶ್ವರಂಗೆ ಹರಕೆ ಕಟ್ಟು. ಏನು ಬೇಕಾದ್ರೂ ಕಟ್ಟು, ನಾನು ತೀರಿಸ್ತೀನಿ.

ನಿನ್ನ ಮುನಿನಾರಾಯಣಪ್ಪ


ಮಿರಿಸ್ಸ
12 ಫೆಬ್ರವರಿ 2025, ಬುಧವಾರ

ಆಂಜನಮ್ಮ,

ಯಾಕೆ ಒಂದು ಗೆರೆನೂ ಇಲ್ಲ? ಸ್ವೀಟ್ ಹಂಚೋದ್ರಲ್ಲಿ ಬಿಡುವಾಗಿಲ್ವೋ, ಇಲ್ಲ ಅಳ್ತಾ ಕೂತಿದೀಯೋ? ಅತ್ತರೂ ಪರವಾಗಿಲ್ಲ, ಅತ್ತುಬಿಟ್ಟು ಬರಿ.

ಕೆಂಪರಾಜಂಗೆ ಫೋನ್ ಮಾಡ್ದೆ. ಅವನು ಟೀ ಅಂಗಡೀಲಿ ಎಲ್ರಿಗೂ ಹೇಳವ್ನೆ. ನಾವು ಬರೋ ದಿನ ಹಾರ ತರ್ತೀನಿ ಅಂತಾನೆ.

ಇವತ್ತೂ ನೀರಿಗೆ ಇಳಿಸಿದ್ರು, ಇವತ್ತೂ ಆಡ್ತು. ಮಧ್ಯಾಹ್ನ ಬಸ್ಸಲ್ಲಿ ಪೇಟೆಗೆ ಕರ್ಕಂಡು ಹೋಗಿದ್ರು. ಅಲ್ಲಿ ಅವಳಿಗೆ ಒಂದು ಜೊತೆ ಶೂ ತಗಂಡೆ. ಕೆಂಪು ಬಣ್ಣದ್ದು, ಓಡೋ ಮಕ್ಕಳು ಹಾಕ್ಕಳೋದು. ಮಂಡಿ ಊರಿ ನಾನೇ ಲೇಸ್ ಕಟ್ದೆ. ಮಗು ತುಂಬಾ ಹೊತ್ತು ಶೂನೇ ನೋಡ್ತಾ ಕೂತಿತ್ತು. ಖುಷಿ ಜಾಸ್ತಿ ಆದಾಗ ಅವ್ಳು ಮಾತಾಡಲ್ಲ, ಅದು ಈಗ ನಂಗೆ ಗೊತ್ತಾಗೈತೆ.

ಬೇಗ ಬರಿ.

ಮುನಿನಾರಾಯಣಪ್ಪ


ಅದೇ ದಿನ

ಅಜ್ಜಿ,

ಇದು ನಿಂಗೆ ಮಾತ್ರ. ಮಾರಿಯಾ ಅಕ್ಕ ಬೇರೆಯಾಗಿ ಕಳಿಸ್ತಾಳೆ.

ತಾತಂಗೆ ನಾನು ವಾಸಿ ಆಗ್ತಿದೀನಿ ಅನ್ಸಿಬಿಟ್ಟಿದೆ. ನೀರಲ್ಲಿ ನಮ್ಮ ಭಾರ ಕಾಲಿಗೆ ಬೀಳಲ್ಲ, ಅದಕ್ಕೇ ಆಡತ್ತೆ, ಅಷ್ಟೆ ಅಂತ ಫಿಸಿಯೋ ಆಂಟಿ ಹೇಳಿದ್ರಲ್ಲ, ನೀನೂ ಇದ್ದೆ. ನಂಗೆ ಗೊತ್ತು. ಆದ್ರೂ ಸಖತ್ ಖುಷಿಯಾಯ್ತು, ಅದು ಬೇರೆ.

ಹೇಳ್ಬಿಡೋಣ ಅಂತಿದ್ದೆ. ಅಷ್ಟರಲ್ಲಿ ತಾತ ಶೂ ತಂದ್ರು. ತಾತ ಯಾವತ್ತೂ ನನ್ನ ಕಾಲು ಮುಟ್ಟಿರ್ಲಿಲ್ಲ ಅಜ್ಜಿ. ಎಷ್ಟು ಮೆತ್ತಗೆ ಹಿಡ್ಕೊಂಡಿದ್ರು ಗೊತ್ತಾ, ಮೊಟ್ಟೆ ಹಿಡಿದ ಹಾಗೆ. ಅದಕ್ಕೇ ಹೇಳ್ಲಿಲ್ಲ. ನೀನೂ ಹೇಳ್ಬೇಡ. ನಾವು ಊರಿಗೆ ಬರೋ ಶನಿವಾರದವರೆಗೆ ಇರ್ಲಿ.

ಮತ್ತೆ ಅಮ್ಮ ಯಾಕೆ ಒಂದು ಮೆಸೇಜೂ ಹಾಕ್ತಿಲ್ಲ? ನಿಜ ಹೇಳು.

ದಿವ್ಯ


ಹೊರಮಾವು
13 ಫೆಬ್ರವರಿ 2025, ಗುರುವಾರ ಸಂಜೆ

ಏನೂಂದ್ರೆ,

ಎರಡು ವಿಷಯ ನಿಮ್ಮಿಂದ ಮುಚ್ಚಿಟ್ಟಿದ್ದೆ. ಒಂದೊಂದಾಗಿ ಹೇಳ್ತೀನಿ. ಕೂತ್ಕೊಂಡು ಓದಿ.

ಭವ್ಯನ್ನ ಭಾನುವಾರವೇ ಆಸ್ಪತ್ರೆಗೆ ಸೇರಿಸಿದ್ವಿ. ಜ್ವರ ಇಳೀಲೇ ಇಲ್ಲ, ಮಾತು ತೊದಲೋಕೆ ಶುರುವಾಯ್ತು. ಆವತ್ತು ನಾನು ನಿಮಗೆ ಬರೆದ ಕಾಗದ ಆಸ್ಪತ್ರೆ ಬೆಂಚಿನ ಮೇಲೆ ಕೂತು ಬರೆದಿದ್ದು. ಹೇಳಿದ್ರೆ ನೀವು ಮಗೂನ ಎತ್ಕೊಂಡು ಓಡಿ ಬರ್ತಿದ್ರಿ. ಭವ್ಯನೇ ನನ್ನ ಕೈ ಮೇಲೆ ಬೆರಳಲ್ಲಿ 'ಬೇಡ' ಅಂತ ಬರೆದು ತೋರಿಸಿದ್ಲು. ಈಗ ಗಂಡಾಂತರ ಕಳೀತು. ಜ್ವರ ಬಿಟ್ಟಿದೆ. ಇವತ್ತು ಇಡ್ಲಿ ತಿಂದು, ಚಟ್ನಿ ಸಪ್ಪೆ ಅಂತ ಸೀನನ್ನ ಬೈದಳು. ನಾಳೆ ಮನೆಗೆ ಕಳಿಸ್ತಾರೆ. ಮಗುಗೆ ಇದನ್ನ ಇದ್ದ ಹಾಗೇ ಹೇಳಿ.

ಇನ್ನೊಂದು, ಕಾಲಿನ ವಿಷಯ.

ಎರಡು ವರ್ಷದ ಹಿಂದೆ ಜೀವನ್ ಬಿಮಾ ನಗರದ ಕಡೆ ಒಂದು ಈಜುಕೊಳಕ್ಕೆ ನಾನೂ ಭವ್ಯಾನೂ ದಿವ್ಯನ್ನ ಕರ್ಕೊಂಡು ಹೋಗ್ತಿದ್ವಿ. ಅಲ್ಲೂ ಹೀಗೇ ಆಡ್ತು ಕಣ್ರೀ. ನಾನೂ ನಿಮ್ಮ ಹಾಗೇ ಕುಣಿದೆ, ತೆಂಗಿನಕಾಯಿ ಒಡೆಸ್ತೀನಿ ಅಂದೆ. ಆಗ ಭವ್ಯ ನನ್ನನ್ನ ಪಕ್ಕಕ್ಕೆ ಕರ್ಕೊಂಡು ಹೋಗಿ ಒಂದು ಕಾಗದದ ಮೇಲೆ ಬರೆದು ತೋರಿಸಿದ್ಲು. ಇದು ನೀರಿನ ಗುಣ ಅತ್ತೆ, ನೀರು ಅವಳನ್ನ ಹೊತ್ಕೊಳ್ಳುತ್ತೆ, ಅದಕ್ಕೆ ಕಾಲಿಗೆ ಆಡೋಕೆ ಆಗುತ್ತೆ, ಕಾಯಿಲೆ ಇದ್ದ ಹಾಗೇ ಇರುತ್ತೆ ಅಂತ. ಆಮೇಲೆ ಆ ಕೊಳದೋರು, ಬೇರೆ ಮಕ್ಕಳ ಮನೆಯೋರು ಗೊಣಗ್ತಾರೆ, ಇನ್ಮೇಲೆ ಬರ್ಬೇಡಿ ಅಂದ್ರು. ನಿಮಗೆ ಹೇಳಿದ್ರೆ ಅಲ್ಲಿ ಹೋಗಿ ಜಗಳ ಮಾಡ್ತೀರಂತ ಹೇಳಲಿಲ್ಲ.

ನಿಮ್ಮ ಮಂಗಳವಾರದ ಕಾಗದಕ್ಕೆ ಉತ್ತರ ಬರೀತೀನಿ, ಹರೀತೀನಿ. ನಿಮ್ಮನ್ನ ಇಷ್ಟು ಖುಷಿಯಾಗಿ ನಾನು ನೋಡಿದ್ದೇ ಇಲ್ಲ. ಅದನ್ನ ಹೆಂಗೆ ಕಿತ್ಕೊಳ್ಳಲಿ? ಆದ್ರೆ ಶೂ ಅಂತ ಓದಿದ ಮೇಲೆ ಸುಮ್ಮನಿರೋಕೆ ಆಗಲಿಲ್ಲ.

ಮಗು ಮುಂದೆ ಮುಖ ಸಣ್ಣ ಮಾಡ್ಕೋಬೇಡಿ. ನಾಳೆ ತಿಮಿಂಗಿಲ ನೋಡೋಕೆ ಹೋಗಿ. ಅವಳನ್ನ ಗಟ್ಟಿಯಾಗಿ ಹಿಡ್ಕೊಳ್ಳಿ.

ಆಂಜನಮ್ಮ


ಮಿರಿಸ್ಸ
14 ಫೆಬ್ರವರಿ 2025, ಶುಕ್ರವಾರ

ಆಂಜನಮ್ಮ,

ನಿನ್ನ ಕಾಗದ ನಾನು ಓದಿದ್ದು ಬೋಟಿಂದ ಇಳಿದ ಮೇಲೆ. ಅಷ್ಟರಲ್ಲಿ ವಿಷಯ ನಂಗೆ ಗೊತ್ತಾಗಿತ್ತು. ದಿವ್ಯನೇ ಹೇಳಿದ್ಲು. ನಡೆದಿದ್ದು ನಡೆದಂಗೆ ಬರೀತೀನಿ.

ಬೋಟಲ್ಲಿ ಮಕ್ಕಳ ವ್ಹೀಲ್‌ಚೇರನ್ನ ಬೆಲ್ಟ್ ಹಾಕಿ ನೆಲಕ್ಕೆ ಬಿಗಿದಿದ್ರು. ದಿವ್ಯ ಕೆಂಪು ಶೂ ಹಾಕ್ಕಂಡಿದ್ಲು. ದಡ ಕಾಣದಷ್ಟು ದೂರ ಹೋದ್ವಿ. ಬೋಟು ತೊಟ್ಟಿಲು ತೂಗಿದಂಗೆ ತೂಗ್ತಾ ಇತ್ತು. ಅಲಿಯಾ ಡಾಕ್ಟ್ರಿಗೇ ತಲೆ ಸುತ್ತಿ ಒಂದು ಮೂಲೆ ಹಿಡಿದಿದ್ರು. ಕಾದ್ವಿ, ಕಾದ್ವಿ, ಏನೂ ಇಲ್ಲ. ಆಗ ಅವ್ಳು ನನ್ನ ಅಂಗಿ ಎಳೆದ್ಲು.

"ತಾತಾ, ಒಂದು ಹೇಳ್ಲಾ? ಬೈಬಾರ್ದು."

"ಹೇಳವ್ವಾ."

"ನಾನು ವಾಸಿ ಆಗ್ತಿಲ್ಲ. ನೀರಲ್ಲಿ ಮಾತ್ರ ಹಂಗಾಗೋದು. ಮೇಲೆ ಬಂದ್ರೆ ಮೊದಲಿನ ಥರಾನೇ."

"ಯಾರು ಹೇಳಿದ್ದು ನಿಂಗೆ? ಆ ಡಾಕ್ಟ್ರಾ?"

"ಕಾಲು ನಂದಲ್ವಾ ತಾತಾ? ನಂಗೆ ಗೊತ್ತಾಗಲ್ವಾ?"

ಎದೆ ಮೇಲೆ ಯಾರೋ ಕಲ್ಲುಚಪ್ಪಡಿ ಇಟ್ಟಂಗಾಯ್ತು ಕಣೇ. ಅಳೋಣ ಅಂದ್ರೆ ಅದಕ್ಕೂ ಪುರುಸೊತ್ತು ಕೊಡ್ಲಿಲ್ಲ ಆ ತಿಮಿಂಗಿಲ! ಬುಸ್ಸಂತ ಸದ್ದು. ನಮ್ಮ ಪಕ್ಕದಲ್ಲೇ ನೀರು ಮರದೆತ್ತರಕ್ಕೆ ಎದ್ದು ನಮ್ಮ ಮೇಲೇ ಸುರೀತು. ಅದರ ಉಸಿರಿನ ನಾತ ಅಂದ್ರೆ, ಮೋರಿ ಬಾಯಿ ತೆಗೆದಂಗೆ! ಆಮೇಲೆ ಬೆನ್ನು ಕಾಣ್ತು. ಬಂತು, ಬಂತು, ಬರ್ತಾನೇ ಇತ್ತು. ನಮ್ಮ ಗೇಟಿಂದ ಆಚೆ ಮುನಿಕೃಷ್ಣಪ್ಪನ ಗೇಟಿನವರೆಗೂ ಬರೀ ಬೆನ್ನೇ ಅಂದ್ಕೋ. ಕೊನೆಗೆ ಬಾಲ ಎತ್ತಿ, ಸ್ವಲ್ಪಾನೂ ಅವಸರ ಇಲ್ದೇ, ಒಳಗೆ ಹೋಯ್ತು.

ಅದೇ ಹೊತ್ತಿಗೆ ದಿವ್ಯ ನನ್ನ ಮೇಲೆ ವಾಂತಿ ಮಾಡ್ಕಂಡ್ಲು. ಬಾಯಿ ಒರೆಸ್ತಿದ್ರೆ ನನ್ನ ಕೈ ತಳ್ಳಿ, "ತಾತಾ, ಬಾಲ! ಬಾಲ ನೋಡು!" ಅಂತ ಕೂಗ್ತಾಳೆ. ನಾನು ನಗ್ತಾ ಇದ್ನೋ ಅಳ್ತಾ ಇದ್ನೋ ಯಾರಿಗೂ ಗೊತ್ತಾಗ್ಲಿಲ್ಲ. ಎಲ್ರ ಮುಖಾನೂ ಒದ್ದೆ ಆಗಿತ್ತು.

ವಾಪಸ್ ಬರೋವಾಗ ಕೇಳ್ದೆ. ಹಂಗಾದ್ರೆ ಏನು ಬೇಕವ್ವಾ ನಿಂಗೆ? ಶೂ ಬೇಡ್ವಾ?

"ಶೂ ಇರ್ಲಿ, ಚೆನ್ನಾಗಿದೆ" ಅಂದ್ಲು. ಆಮೇಲೆ, "ನೀರು ಬೇಕು ತಾತಾ. ಪೂಲೇ ಆಗ್ಬೇಕು ಅಂತೇನಿಲ್ಲ. ಕತ್ತಿನವರೆಗೆ ನೀರಿದ್ರೆ ಸಾಕು."

ದಡ ಮುಟ್ಟೋವರೆಗೂ ಯೋಚನೆ ಮಾಡ್ತಾನೇ ಬಂದೆ. ಹಿಂದಿನ ಸೈಟಲ್ಲಿ ದ್ರಾಕ್ಷಿ ತೋಟದ ಕಾಲದ ನೀರಿನ ತೊಟ್ಟಿ ಐತಲ್ಲ? ಪಂಪ್‌ಸೆಟ್ ನೀರು ತುಂಬಿಸ್ತಿದ್ವಿ, ಸೀನ ಈಜು ಕಲ್ತಿದ್ದೂ ಅಲ್ಲೇ. ಈಗ ನಮ್ಮ ಬಾಡಿಗೆ ಮೆಕ್ಯಾನಿಕ್ಕು ಜಗದೀಶ ಅದರ ತುಂಬ ಹಳೇ ಸ್ಕೂಟರ್ ಒಟ್ಟಿಕೊಂಡವ್ನೆ. ಖಾಲಿ ಮಾಡ್ಸು. ತೊಳೆಸು. ಬಿರುಕು ಇದ್ರೆ ಸಿಮೆಂಟು ಮೆತ್ತಿಸು. ಇಳಿಜಾರು ನಾನು ಬಂದು ಕಟ್ಟಿಸ್ತೀನಿ, ಅಲ್ಲಿವರೆಗೆ ಎತ್ತಿ ಇಳಿಸ್ತೀನಿ. ಈಗ ಮೂರು ಅನ್ನೋವರೆಗೂ ಕಾಯ್ತೀನಿ. ಅಲಿಯಾ ಡಾಕ್ಟ್ರು ಹೇಳಿದ್ದನ್ನ ಈ ಸಲ ಬಾಯಿ ಮುಚ್ಕಂಡು ಕೇಳ್ದೆ. ನೀರು ಬೆಚ್ಚಗಿರಬೇಕಂತೆ, ಯಾರಾದ್ರೂ ಜೊತೇಲೇ ಇರಬೇಕಂತೆ. ಹಂಡೆ ಕಾಯಿಸೋಣ. ಜೊತೇಲಿ ನಾನಿರ್ತೀನಿ.

ವಾಸಿ ಆಗ್ಲಿ ಅಂತಲ್ಲ ಕಣೇ. ಆಡ್ಲಿ ಅಂತ.

ಅಮ್ಮನ ವಿಷಯ ಹೇಳ್ದೆ. ಅತ್ತಳು, ಆಮೇಲೆ ಚಟ್ನಿ ಸಪ್ಪೆ ಅಂದಿದ್ದು ಕೇಳಿ ನಕ್ಕಳು. ಭವ್ಯಂಗೆ ಹೇಳು, ಅವ್ಳು ಹೆತ್ತ ಮಗಳು ನನಗಿಂತ ಗಟ್ಟಿ.

ಮುನಿನಾರಾಯಣಪ್ಪ


ಹೊರಮಾವು
15 ಫೆಬ್ರವರಿ 2025, ಶನಿವಾರ ಬೆಳಗ್ಗೆ

ಏನೂಂದ್ರೆ,

ವಿಮಾನ ಹತ್ತೋಕೆ ಮುಂಚೆ ಇದನ್ನ ಓದಿ, ದಿವ್ಯಂಗೂ ಓದಿ ಹೇಳಿ.

ನಿಮ್ಮ ಕಾಗದ ಬಂದಿದ್ದೇ ಸೀನನ್ನ ಹಿಂದಿನ ಸೈಟಿಗೆ ಅಟ್ಟಿದೆ. ಜಗದೀಶ ಮೊದಲು ಇಷ್ಟು ಸ್ಕೂಟರ್ ಎಲ್ಲಿ ಇಡ್ಲಿ ಅಂತ ರೇಗಾಡಿದ. ದಿವ್ಯಂಗೆ ಅಂದ ತಕ್ಷಣ ತನ್ನ ಹುಡುಗರನ್ನೆಲ್ಲ ಕರ್ಕೊಂಡು ಬಂದು ತಾನೇ ಎತ್ತಿಸಿದ. ಎಣ್ಣೆ ಕಲೆ ಹೋಗಲ್ಲ ಅಂತ ಅದ್ಯಾವುದೋ ಪುಡಿ ತಂದು ಉಜ್ಜಿಸಿದ. ತೊಟ್ಟಿ ಒಳಗೆ ಏನೇನು ಸಿಕ್ತು ಅಂತೀರಿ! ಎರಡು ಕಪ್ಪೆ, ಸೀನನ ಹಳೇ ಕ್ರಿಕೆಟ್ ಬ್ಯಾಟು, ನಿಮ್ಮ ಸೇಂದಿ ಬಾಟಲಿ ಒಂದು. ಅದರ ವಿಷಯ ಬಂದ ಮೇಲೆ ಮಾತಾಡೋಣ.

ಕೆಂಪರಾಜ್ ಬೆಳಗ್ಗೇನೇ ಹಾರ ತಗೊಂಡು ಬಂದಿದ್ದ. ಮಗು ವಾಸಿ ಆಗಿಲ್ಲಪ್ಪ ಅಂತ ಇದ್ದದ್ದು ಹೇಳಿದೆ. ಮುಖ ಬಾಡಿತು. ಮತ್ತೆ ಇದೇನು ನಡೀತಿರೋದು ಅಂತ ಕೈಸನ್ನೆ ಮಾಡಿದ. ನಮ್ಮ ಹುಡುಗಿಗೆ ಈಜೋಕೆ ಜಾಗ ಮಾಡ್ತಿದೀವಿ ಅಂದೆ. ಹಾರನ ಗೋಡೆ ಮೇಲಿಟ್ಟು, ಪ್ಯಾಂಟ್ ಮಡಚಿಕೊಂಡು ಅವನೂ ಇಳಿದ.

ಭವ್ಯ ನಿನ್ನೆ ಬಂದಳು. ಶಾಲು ಹೊದ್ಕೊಂಡು ಕುರ್ಚಿ ಹಾಕ್ಕೊಂಡು ತೊಟ್ಟಿ ಪಕ್ಕಾನೇ ಕೂತಿದಾಳೆ. ಮೂಲೆ ಉಜ್ಜಿ, ಅಲ್ಲಿ ಇನ್ನೂ ಪಾಚಿ ಇದೆ ಅಂತ ಬೆರಳು ತೋರಿಸ್ತಿದ್ಲು. ನಿಮ್ಮ ಕಾಗದ ಫೋನಲ್ಲಿ ಅವಳಿಗೆ ತೋರಿಸಿದೆ. ಎರಡು ಸಲ ಓದಿದ್ಲು. ಅದನ್ನ ತನ್ನ ಫೋನಿಗೂ ಕಳಿಸ್ಕೊಂಡಳು.

ನಾನು ಒಬ್ಬಳೇ ಇದ್ದಾಗ ಸೀರೆ ಎತ್ತಿ ಕಟ್ಟಿ ಒಳಗಿಳಿದು ನೋಡಿದೆ. ನೆಲ ನುಣುಪಾಗಿದೆ, ಕಾಲಿಗೆ ಚುಚ್ಚಲ್ಲ. ಅವಳ ಪಾದಕ್ಕೆ ಏನೂ ಆಗಲ್ಲ.

ಆಗಲೇ ಬೋರ್‌ವೆಲ್ ಆನ್ ಮಾಡಿದ್ರು. ನನಗೆ ಸದ್ದು ಕೇಳ್ಸಲ್ಲ ನೋಡಿ, ಪೈಪ್ ಮೇಲೆ ಅಂಗೈ ಇಟ್ಟುಕೊಂಡು ಕೂತಿದೀನಿ, ಗುಂಯ್ಯಂತ ನಡುಗ್ತಿದೆ. ಬಿಸಿಲು ಚೆನ್ನಾಗಿ ಬಿದ್ದಿದೆ. ನೀರು ಮೊಣಕಾಲವರೆಗೆ ಬಂತು. ನೀವು ದೇವನಹಳ್ಳಿ ಏರ್‌ಪೋರ್ಟಲ್ಲಿ ಇಳಿಯೋ ಹೊತ್ತಿಗೆ ಸೊಂಟ ಮುಟ್ಟುತ್ತೆ. ಎಲ್ಲೂ ನಿಲ್ಲಬೇಡಿ, ನೇರ ಮನೆಗೆ ಬನ್ನಿ.

ಆಂಜನಮ್ಮ